ಹುಡುಗನಿಗೆ ಕೋಟಿ, ಅವನು ಬೆಳೆದ ಮೈದಾನಕ್ಕೆ ಏನು?

ಪಟ್ಟಂದೂರು ಅಗ್ರಹಾರದ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದು, ಐಟಿಪಿಎಲ್ ಗೇಟಿನ ಕಡೆ ಹೋಗದೆ ಊರೊಳಕ್ಕೆ ನಡೆದರೆ ಒಂದು ಖಾಲಿ ಸೈಟು ಸಿಗುತ್ತದೆ. ಭಾನುವಾರ ಬೆಳಗ್ಗೆ ಅಲ್ಲಿ ಒಂದೇ ಹೊತ್ತಿಗೆ ಮೂರು ಮ್ಯಾಚ್ ನಡೆಯುತ್ತವೆ. ಒಂದು ತಂಡದ ಫೀಲ್ಡರು ಇನ್ನೊಂದು ತಂಡದ ಪಿಚ್ಚಿನ ಮೇಲೆ ನಿಂತಿರುತ್ತಾನೆ. ಟೆನಿಸ್ ಬಾಲು, ಸ್ಟಂಪಿನ ಜಾಗದಲ್ಲಿ ಇಟ್ಟಿಗೆ. ಅಲ್ಲಿ ಎಡಗೈಯಲ್ಲಿ ಸ್ಪಿನ್ ಹಾಕುತ್ತಿದ್ದ ಒಬ್ಬ ಹುಡುಗನನ್ನು ಮುಂದೇನು ಮಾಡ್ತೀಯಪ್ಪಾ ಎಂದು ಕೇಳಿದೆವು.

"ಅಣ್ಣಾ, ಒಂದೇ ಒಂದು ಸಲ ಆಕ್ಷನ್ನಲ್ಲಿ ಹೆಸರು ಬಂದ್ರೆ ಸಾಕು. ಲೈಫ್ ಸೆಟ್ಲು" ಅಂದ.

ರಣಜಿ ಆಡಬೇಕು ಅನ್ನಲಿಲ್ಲ. ರಾಜ್ಯಕ್ಕೆ ಆಡಬೇಕು ಅನ್ನಲಿಲ್ಲ. ಹರಾಜಾಗಬೇಕು ಅಂದ. ಹುಡುಗನದು ತಪ್ಪಲ್ಲ. ಅವನಿಗೆ ಹಾಗೆ ಕಲಿಸಿದವರು ನಾವು, ಅಂದರೆ ಸುದ್ದಿ ಬರೆಯುವವರು. ಯಾವ ಜಿಲ್ಲೆಯ ಹುಡುಗ ಐಪಿಎಲ್ ಹರಾಜಿನಲ್ಲಿ ಎಷ್ಟಕ್ಕೆ ಹೋದ ಎಂಬುದು ಗೊತ್ತಾದ ಕೂಡಲೇ ಅವನ ಮನೆಗೆ ಓಡುತ್ತೇವೆ. ತಾಯಿಯ ಕಣ್ಣೀರು, ತಂದೆಯ ಕೈಯಲ್ಲಿ ಸ್ವೀಟ್ ಬಾಕ್ಸ್, ಊರವರ ಪಟಾಕಿ, ಎಲ್ಲ ಬರೆಯುತ್ತೇವೆ. ಮಾರನೇ ವರ್ಷ ಅದೇ ಮನೆಯ ಕಡೆ ತಲೆ ಹಾಕುವುದಿಲ್ಲ. ಅವನು ಆಡಿ ಬೆಳೆದ ಮೈದಾನ ಹೇಗಿದೆ ಎಂದು ಅವತ್ತೂ ಕೇಳಿರುವುದಿಲ್ಲ. ಇವತ್ತು ಆ ಬಾಕಿ ತೀರಿಸೋಣ.

ಕೊಡಗಿನ ಹುಡುಗನ ಲೆಕ್ಕ

2015ರ ಫೆಬ್ರವರಿ 16. ಐಪಿಎಲ್ ಹರಾಜು ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಕೊಡಗಿನ ಕೆ.ಸಿ. ಕಾರಿಯಪ್ಪ ಎಂಬ 20 ವರ್ಷದ ಸ್ಪಿನ್ನರ್ ಹೆಸರು ಬಂತು. ರಣಜಿ ಆಡಿರಲಿಲ್ಲ, ರಾಜ್ಯದ ಹಿರಿಯರ ತಂಡಕ್ಕೆ ಒಂದು ಪಂದ್ಯವನ್ನೂ ಆಡಿರಲಿಲ್ಲ. ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಬಿಜಾಪುರ ಬುಲ್ಸ್ ಪರ ಬೌಲ್ ಮಾಡಿದ್ದೇ ಗುರುತು. ಮೂಲ ಬೆಲೆ 10 ಲಕ್ಷ. ಕೋಲ್ಕತ್ತಾ ನೈಟ್ ರೈಡರ್ಸ್ ಕೊಂಡದ್ದು 2.40 ಕೋಟಿಗೆ. ಇಪ್ಪತ್ತನಾಲ್ಕು ಪಟ್ಟು!

ಏಪ್ರಿಲ್ 11ರಂದು ಆರ್‌ಸಿಬಿ ವಿರುದ್ಧ ಆಡಿಸಿದರು. ಹುಡುಗ ಎಬಿ ಡಿವಿಲಿಯರ್ಸ್ ವಿಕೆಟ್ ತೆಗೆದ. ಆ ಸೀಸನ್ನಿನಲ್ಲಿ ಅವನಿಗೆ ಸಿಕ್ಕಿದ್ದು ಅದೊಂದೇ ಪಂದ್ಯ. ಸೀಸನ್ ಮುಗಿದ ಮೇಲೆ ತಂಡ ಕೈಬಿಟ್ಟಿತು. 2016ರಲ್ಲಿ ಪಂಜಾಬ್ ತಂಡ 80 ಲಕ್ಷಕ್ಕೆ ತೆಗೆದುಕೊಂಡಿತು. 2021ರಲ್ಲಿ ರಾಜಸ್ಥಾನ್ ರಾಯಲ್ಸ್ ಕೊಟ್ಟದ್ದು 20 ಲಕ್ಷ.

ಹಾಗಾದರೆ 2.40 ಕೋಟಿಯ ಆಟ ಆರು ವರ್ಷದಲ್ಲಿ 20 ಲಕ್ಷದ ಆಟ ಆಗಿಬಿಟ್ಟಿತೇ? ಇಲ್ಲ. 2.40 ಕೋಟಿ ಎಂಬುದು ಮೊದಲಿಗೇ ಅವನ ಆಟದ ಬೆಲೆ ಆಗಿರಲಿಲ್ಲ. ಕೋಲ್ಕತ್ತಾ ತಂಡದ ದೊಡ್ಡ ಅಸ್ತ್ರ ಸುನಿಲ್ ನರೈನ್. 2014ರ ಚಾಂಪಿಯನ್ಸ್ ಲೀಗಿನಲ್ಲಿ ನರೈನ್ ಬೌಲಿಂಗ್ ಶೈಲಿಯ ಮೇಲೆ ಅಂಪೈರುಗಳು ದೂರು ಕೊಟ್ಟಿದ್ದರು. ನಾಳೆ ನರೈನ್ ಆಡದಿದ್ದರೆ ಏನು ಗತಿ ಎಂಬ ಭಯ ಇದ್ದ ತಂಡಕ್ಕೆ ಅರ್ಥವಾಗದ ಚೆಂಡು ಹಾಕುವ ಇನ್ನೊಬ್ಬ ಬೇಕಿತ್ತು. ನಮ್ಮ ಲೆಕ್ಕದಲ್ಲಿ ಆ 2.40 ಕೋಟಿಯಲ್ಲಿ ಹೆಚ್ಚಿನ ಪಾಲು ಆ ಭಯದ ಬೆಲೆ.

ಮಂಡಿ ಕಂಡವರಿಗೆ ಇದು ಹೊಸದಲ್ಲ

ಕೋಲಾರದ ಟೊಮೆಟೊ ಮಂಡಿಗೆ ಮಾಲು ಹಾಕಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತ್ತು. ಹಣ್ಣು ಅವತ್ತು ಬಂಗಾರದ್ದಾಗಿರಲಿಲ್ಲ, ಮಾಲು ಕಡಿಮೆ ಇತ್ತು, ಕೂಗುವವರು ಜಾಸ್ತಿ ಇದ್ದರು. ಆ ರೇಟು ನೋಡಿ ಸಸಿ ನೆಟ್ಟವರು ಸೆಪ್ಟೆಂಬರಿನಲ್ಲಿ ತಲೆ ಮೇಲೆ ಕೈ ಹೊತ್ತರು.

ಆಟಗಾರರ ಹರಾಜೂ ಹಾಗೇ. ಪ್ರತಿ ತಂಡದ ಕೈಯಲ್ಲಿ ಇಷ್ಟೇ ದುಡ್ಡು ಎಂಬ ಮಿತಿ ಇದೆ. ಯಾವ ಜಾಗ ಖಾಲಿ, ಯಾರ ಹತ್ತಿರ ಎಷ್ಟು ಉಳಿದಿದೆ, ಹಟಕ್ಕೆ ಎದುರು ಕೂತವರು ಯಾರು ಎಂಬುದರ ಮೇಲೆ ಬೆಲೆ ಏರುತ್ತದೆ. ಇಬ್ಬರು ಕೂಗಿದರೆ ಕೋಟಿ, ಒಬ್ಬನೇ ಕೂಗಿದರೆ ಮೂಲ ಬೆಲೆ.

ನಮ್ಮ ಬೆಂಗಳೂರಿನ ಕೆ. ಗೌತಮ್ ಲೆಕ್ಕ ನೋಡಿ. 2021ರಲ್ಲಿ ಚೆನ್ನೈ ಸೂಪರ್ ಕಿಂಗ್ಸ್ 9.25 ಕೋಟಿ ಕೊಟ್ಟಿತು. ಭಾರತ ತಂಡಕ್ಕೆ ಇನ್ನೂ ಆಡದ ಭಾರತೀಯನಿಗೆ ಅಲ್ಲಿಯವರೆಗೆ ಅಷ್ಟು ದುಡ್ಡು ಯಾರೂ ಕೊಟ್ಟಿರಲಿಲ್ಲ. ಆ ವರ್ಷ ಚೆನ್ನೈ ಕಪ್ ಗೆದ್ದಿತು. ಗೌತಮ್ ಒಂದು ಪಂದ್ಯವನ್ನೂ ಆಡಲಿಲ್ಲ. ಮುಂದಿನ ವರ್ಷ ಲಖನೌ ತಂಡಕ್ಕೆ ಹೋದದ್ದು 90 ಲಕ್ಷಕ್ಕೆ. ಗೌತಮ್ ಅನುಭವಿ, ತಡೆದುಕೊಂಡರು. ಇಪ್ಪತ್ತು ವರ್ಷದ ಹುಡುಗನಿಗೆ ಒಂದು ವರ್ಷ ಕೋಟಿ ಕೊಟ್ಟು ಬೆಂಚಿನ ಮೇಲೆ ಕೂರಿಸಿ, ಮರುವರ್ಷ ಕೂಗುವವರೇ ಇಲ್ಲದಂತೆ ಮಾಡಿದರೆ ಅವನ ಮನಸ್ಸು ಏನಾಗಬೇಡ?

ಬೆಲೆ ಮಾತ್ರ ಏರುತ್ತಲೇ ಇದೆ. 2025ರ ಡಿಸೆಂಬರ್ ಹರಾಜಿನಲ್ಲಿ ಅದೇ ಚೆನ್ನೈ ತಂಡ 20 ವರ್ಷದ ಪ್ರಶಾಂತ್ ವೀರ್ ಮತ್ತು 19 ವರ್ಷದ ಕಾರ್ತಿಕ್ ಶರ್ಮಾ ಇಬ್ಬರಿಗೂ ತಲಾ 14.20 ಕೋಟಿ ಕೊಟ್ಟಿತು. ಇಬ್ಬರೂ ಚೆನ್ನಾಗಿ ಆಡಲಿ, ಹತ್ತು ವರ್ಷ ಆಡಲಿ. ಹುಡುಗರ ದುಡ್ಡಿನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ.

ಅದೇ ತಿಂಗಳು ಅಮೆರಿಕದಲ್ಲಿ

ಕಾರಿಯಪ್ಪ ಹರಾಜಾದ ಅದೇ 2015ರ ಫೆಬ್ರವರಿಯಲ್ಲಿ ಅಮೆರಿಕದಲ್ಲೂ ಇಂಥದ್ದೇ ಸುದ್ದಿ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಬೇಸ್‌ಬಾಲ್ ಹಾಗೆ. ಬೋಸ್ಟನ್ ರೆಡ್ ಸಾಕ್ಸ್ ಎಂಬ ತಂಡ ಕ್ಯೂಬಾ ದೇಶದ ಯೋವಾನ್ ಮೊಂಕಾಡಾ ಎಂಬ 19 ವರ್ಷದ ಹುಡುಗನಿಗೆ 3.15 ಕೋಟಿ ಡಾಲರ್ ಕೊಡಲು ಒಪ್ಪಿತು. ಹೊರದೇಶದ ಹೊಸಬರ ಮೇಲೆ ಮಿತಿ ಮೀರಿ ಖರ್ಚು ಮಾಡಿದರೆ ಅಷ್ಟೇ ಮೊತ್ತ ಲೀಗಿಗೆ ದಂಡ ಕಟ್ಟಬೇಕಿತ್ತು. ಒಟ್ಟು 6.30 ಕೋಟಿ ಡಾಲರ್, ಆಗಿನ ರೇಟಿನಲ್ಲಿ 380 ಕೋಟಿ ರೂಪಾಯಿಗೂ ಹೆಚ್ಚು.

ಆ ಹುಡುಗ ರೆಡ್ ಸಾಕ್ಸ್ ಮುಖ್ಯ ತಂಡಕ್ಕೆ ಆಡಿದ್ದು ಎಂಟೇ ಪಂದ್ಯ. 2016ರ ಡಿಸೆಂಬರಿನಲ್ಲಿ ಅವನನ್ನು ಷಿಕಾಗೋ ತಂಡಕ್ಕೆ ಕೊಟ್ಟು ಕ್ರಿಸ್ ಸೇಲ್ ಎಂಬ ದೊಡ್ಡ ಆಟಗಾರನನ್ನು ತೆಗೆದುಕೊಂಡರು. ವ್ಯಾಪಾರ ಅಲ್ಲೂ ವ್ಯಾಪಾರವೇ. ಆದರೆ ಒಂದು ವ್ಯತ್ಯಾಸ ಇದೆ. ದುಡ್ಡು ಕೊಟ್ಟ ತಂಡ ಅವನನ್ನು ಕೆಳಹಂತದ ತನ್ನದೇ ತಂಡಗಳಲ್ಲಿ ಆಡಿಸಿ, ಕಲಿಸಿ, ಬೆಳೆಸಿತು. ನಮ್ಮಲ್ಲಿ ಐಪಿಎಲ್ ತಂಡ ಕೊಡುವುದು ಎರಡು ತಿಂಗಳ ಸೀಸನ್ನಿಗೆ. ಮಿಕ್ಕ ಹತ್ತು ತಿಂಗಳು ಆ ಹುಡುಗನನ್ನು ಸಾಕುವುದು ರಾಜ್ಯದ ಕ್ರಿಕೆಟ್ಟು, ಕ್ಲಬ್ಬು, ಮನೆಯವರು. ಅವರು ಹೊಲ ಕೊಂಡು ಉಳುತ್ತಾರೆ, ಇವರು ಬೆಳೆ ನಿಂತ ಮೇಲೆ ಗುತ್ತಿಗೆಗೆ ಹಿಡಿಯುತ್ತಾರೆ.

ಇನ್ನು ಮೊಂಕಾಡಾನನ್ನು ಬೆಳೆಸಿದ ಕ್ಯೂಬಾದ ತಂಡಕ್ಕೆ ಏನು ಸಿಕ್ಕಿತು? ಆ 6.30 ಕೋಟಿ ಡಾಲರಿನಲ್ಲಿ ಒಂದು ಡಾಲರೂ ಇಲ್ಲ. ಕ್ಯೂಬಾದ ಮೇಲೆ ಅಮೆರಿಕ ವ್ಯಾಪಾರ ನಿರ್ಬಂಧ ಹೇರಿದೆ, ದುಡ್ಡು ಕಳಿಸುವಂತಿರಲಿಲ್ಲ. ಈ ಅನ್ಯಾಯ ಸರಿಮಾಡಲು 2018ರ ಡಿಸೆಂಬರಿನಲ್ಲಿ ಅಮೆರಿಕದ ಲೀಗು ಮತ್ತು ಕ್ಯೂಬಾದ ಬೇಸ್‌ಬಾಲ್ ಸಂಸ್ಥೆ ಒಪ್ಪಂದ ಮಾಡಿಕೊಂಡವು. ಆಟಗಾರನನ್ನು ಕರೆದೊಯ್ಯುವ ತಂಡ ಬೆಳೆಸಿದ ಸಂಸ್ಥೆಗೂ ಒಂದು ಪಾಲು ಕೊಡಬೇಕು ಎಂದಾಯಿತು. 2019ರ ಏಪ್ರಿಲಿನಲ್ಲಿ ಟ್ರಂಪ್ ಸರ್ಕಾರ ಅದಕ್ಕೆ ತಡೆ ಹಾಕಿತು.

ಅವರಿಗೆ ಎರಡು ದೇಶಗಳ ಹಗೆತನ ಅಡ್ಡ ಬಂತು. ನಮಗೆ ಯಾವ ಹಗೆತನ ಅಡ್ಡ? ಕೊಡಗು, ಬೆಂಗಳೂರು, ಕೋಲ್ಕತ್ತಾ, ಚೆನ್ನೈ ಎಲ್ಲ ಒಂದೇ ದೇಶ, ಒಂದೇ ಕ್ರಿಕೆಟ್ ಮಂಡಳಿ. ಆದರೂ ಹುಡುಗನನ್ನು ಬೆಳೆಸಿದ ಕ್ಲಬ್ಬಿಗೆ ಹರಾಜಿನ ದುಡ್ಡಿನಿಂದ ಬರುವ ಪಾಲು ಏನೂ ಇಲ್ಲ.

ನೂರಕ್ಕೆ ಐದು

ನಾವು ಕೇಳುವುದು ದೊಡ್ಡದಲ್ಲ. ಫುಟ್‌ಬಾಲಿನಲ್ಲಿ ಫಿಫಾ ನಿಯಮ ಇದೆ. ಒಪ್ಪಂದದಲ್ಲಿರುವ ಆಟಗಾರನನ್ನು ಒಂದು ಕ್ಲಬ್ಬು ಇನ್ನೊಂದಕ್ಕೆ ಮಾರಿದಾಗ ಆ ಮೊತ್ತದಲ್ಲಿ ನೂರಕ್ಕೆ ಐದು, ಅವನ 12ರಿಂದ 23ನೇ ವಯಸ್ಸಿನವರೆಗೆ ಆಡಿಸಿ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. ಸಣ್ಣ ಊರಿನ ಕ್ಲಬ್ಬಿಗೂ ಅದರಲ್ಲಿ ಪಾಲಿದೆ.

ಅದೇ ನಿಯಮ ಐಪಿಎಲ್ಲಿಗೆ ಬರಲಿ. ಭಾರತಕ್ಕೆ ಇನ್ನೂ ಆಡದ ಆಟಗಾರ ಹರಾಜಾದಾಗ ಮೊತ್ತದ ನೂರಕ್ಕೆ ಐದರಷ್ಟನ್ನು ಕೊಂಡ ತಂಡವೇ ಮೇಲಿಂದ ಕೊಡಲಿ. ಹುಡುಗನ ದುಡ್ಡಿನಲ್ಲಿ ಕಡಿತ ಬೇಡ. ಲೆಕ್ಕ ಹಾಕಿ ನೋಡಿ. ಕಾರಿಯಪ್ಪನ 2.40 ಕೋಟಿಗೆ 12 ಲಕ್ಷ. ಗೌತಮ್ ಅವರ 9.25 ಕೋಟಿಗೆ 46.25 ಲಕ್ಷ. ಪ್ರಶಾಂತ್ ವೀರ್ ಮತ್ತು ಕಾರ್ತಿಕ್ ಶರ್ಮಾ ಹೆಸರಿನಲ್ಲಿ ತಲಾ 71 ಲಕ್ಷ. 12 ಲಕ್ಷ ಎಂದರೆ ತಂಡಕ್ಕೆ ಚಿಲ್ಲರೆ. ಒಂದು ತಾಲ್ಲೂಕಿಗೆ ಅಷ್ಟರಲ್ಲಿ ಎರಡು ನೆಟ್ಟು, ಒಂದು ಒಳ್ಳೆ ಪಿಚ್ಚು, ಬಡ ಮಕ್ಕಳಿಗೆ ಪ್ಯಾಡು, ಹೆಲ್ಮೆಟ್ಟು ಬರುತ್ತವೆ.

"ಆಗದ ಮಾತು" ಎನ್ನುವವರಿದ್ದಾರೆ. ಮಂಡಳಿ ಮನಸ್ಸು ಮಾಡಿದರೆ ಹರಾಜಿನ ದುಡ್ಡನ್ನು ಪಾಲು ಮಾಡುವುದು ಅದಕ್ಕೆ ಗೊತ್ತು. ಕಳೆದ ಡಿಸೆಂಬರಿನ ಹರಾಜಿನಲ್ಲಿ ವಿದೇಶಿ ಆಟಗಾರನ ಕೈಗೆ 18 ಕೋಟಿಗಿಂತ ಹೆಚ್ಚು ಹೋಗಬಾರದು ಎಂಬ ನಿಯಮ ಇತ್ತು. ಕೋಲ್ಕತ್ತಾ ತಂಡ ಕ್ಯಾಮರೂನ್ ಗ್ರೀನ್ ಮೇಲೆ 25.20 ಕೋಟಿ ಕೂಗಿತು. ಅವರಿಗೆ 18 ಕೋಟಿ, ಉಳಿದ 7.20 ಕೋಟಿ ಆಟಗಾರರ ಕ್ಷೇಮನಿಧಿಗೆಂದು ಮಂಡಳಿಗೆ. ಒಂದು ಸಾಲಿನ ನಿಯಮದಿಂದ 7.20 ಕೋಟಿ ಮಂಡಳಿಗೆ ಬರುವುದಾದರೆ, ಇನ್ನೊಂದು ಸಾಲಿನಿಂದ 12 ಲಕ್ಷ ಊರಿನ ಮೈದಾನಕ್ಕೆ ಹೋಗಲಾರದೇ? 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಿ 48,390 ಕೋಟಿ ಪಡೆದ ಮಂಡಳಿ ಇದು. ಬಡತನದ ನೆಪ ಹೇಳುವ ಹಾಗಿಲ್ಲ.

"ದುಡ್ಡು ಕೆಳಗೆ ಇಳಿದರೆ ಮಧ್ಯದವರು ನುಂಗುತ್ತಾರೆ" ಎನ್ನುವವರೂ ಇದ್ದಾರೆ. ಆ ಅನುಮಾನ ನಮಗೂ ಇದೆ. ಅದಕ್ಕೇ ಹೇಳುತ್ತಿರುವುದು, ಯಾವ ಹುಡುಗನ ಹೆಸರಿನಲ್ಲಿ ಯಾವ ಕ್ಲಬ್ಬಿಗೆ ಎಷ್ಟು ಹೋಯಿತು ಎಂದು ಹರಾಜಿನ ಪಟ್ಟಿಯ ಹಾಗೇ ಬಹಿರಂಗವಾಗಿ ಹಾಕಲಿ. ಕ್ಲಬ್ಬೇ ಇಲ್ಲದೆ ಸರ್ಕಾರಿ ಶಾಲೆಯ ಮೈದಾನದಲ್ಲಿ ಬೆಳೆದಿದ್ದರೆ ಆ ಶಾಲೆಗೇ ಹೋಗಲಿ.

ಮನೆಯವರಿಗೊಂದು ಮಾತು

ವೈಭವ್ ಸೂರ್ಯವಂಶಿ ಹೆಸರು ಕೇಳದ ಮನೆ ಇಲ್ಲ. 13ನೇ ವಯಸ್ಸಿಗೆ 1.10 ಕೋಟಿಗೆ ಹರಾಜಾಗಿ, 2025ರ ಏಪ್ರಿಲ್ 28ರಂದು 35 ಎಸೆತಕ್ಕೆ ಸೆಂಚುರಿ ಹೊಡೆದ ಬಿಹಾರದ ಹುಡುಗ. ಮಗನ ಕ್ರಿಕೆಟ್ಟಿಗಾಗಿ ಜಮೀನು ಮಾರಿದ್ದಾಗಿ ಅವನ ತಂದೆ ಹೇಳಿಕೊಂಡಿದ್ದರು. ಆ ಜಮೀನಿನ ಕಥೆ ದೇಶವೆಲ್ಲ ಓದಿತು. ಜಮೀನು ಮಾರಿಯೂ ಮಗ ಎಲ್ಲೂ ಆಯ್ಕೆಯಾಗದ ತಂದೆಯ ಕಥೆ ಯಾವ ಪೇಪರಿನಲ್ಲೂ ಬರುವುದಿಲ್ಲ. ಪಟ್ಟಂದೂರು ಅಗ್ರಹಾರದ ಸುತ್ತಲಿನ ಹಳಬರನ್ನು ಕೇಳಿ, ಜಮೀನು ಒಂದು ಸಲ ಕೈಬಿಟ್ಟರೆ ಮತ್ತೆ ಬರುತ್ತದೆಯೇ ಎಂದು. ಮಗನ ಆಟಕ್ಕೆ ಖರ್ಚು ಮಾಡಿ, ಆದರೆ ಹರಾಜಿನ ಸುದ್ದಿ ನೋಡಿ ಹೊಲ ಮಾರಬೇಡಿ.

ನಿಧಾನದ ದಾರಿಯಲ್ಲೂ ಅನ್ನ ಇದೆ, ಇದನ್ನು ಹುಡುಗರಿಗೆ ಹೇಳುವವರಿಲ್ಲ. 2021ರಲ್ಲಿ ಮಂಡಳಿ ಮಾಡಿದ ನಿಯಮದ ಪ್ರಕಾರ ರಣಜಿಯಲ್ಲಿ ಹೊಸದಾಗಿ ಆಡುವ ಹನ್ನೊಂದರಲ್ಲಿರುವವನಿಗೆ ದಿನಕ್ಕೆ 40,000 ರೂಪಾಯಿ. ನಾಲ್ಕು ದಿನದ ಒಂದು ಪಂದ್ಯಕ್ಕೆ 1.60 ಲಕ್ಷ. ನಲವತ್ತಕ್ಕೂ ಹೆಚ್ಚು ಪಂದ್ಯ ಆಡಿದವನಿಗೆ ದಿನಕ್ಕೆ 60,000. ಹತ್ತೊಂಬತ್ತರ ಒಳಗಿನವರ ರಾಜ್ಯ ತಂಡದಲ್ಲೂ ದಿನಕ್ಕೆ 20,000. ಇಲ್ಲಿ ಬೆಲೆ ಕಟ್ಟುವುದು ಆಡಿದ ದಿನಗಳು, ಕೂಗಾಟ ಅಲ್ಲ. ಆ ದಾರಿಯೂ ಸಲೀಸಲ್ಲ. ಆದರೆ ಆ ದಾರಿಗೆ ಹತ್ತಲು ಮೊದಲು ಲೆದರ್ ಬಾಲಿನಲ್ಲಿ ಆಡುವಂಥ ಮೈದಾನ ಬೇಕು.

ಮುಂದಿನ ಹರಾಜಿನ ಸುದ್ದಿ ನಿಮ್ಮ ಫೋನಿಗೆ ಬಂದಾಗ ಎರಡು ಪ್ರಶ್ನೆ ಕೇಳಿ. ಈ ಹುಡುಗ ಎಲ್ಲಿ ಆಡಿ ಕಲಿತ? ಆ ಜಾಗಕ್ಕೆ ಏನು ಸಿಕ್ಕಿತು? ಕೆಎಸ್‌ಸಿಎ ವಲಯದ ಪದಾಧಿಕಾರಿಗಳು ನಿಮ್ಮೂರ ಟೂರ್ನಮೆಂಟಿಗೆ ಕಪ್ ಕೊಡಲು ಬಂದಾಗ ಮೈಕ್ ಹಿಡಿದು ಕೇಳಿ. ಶಾಸಕರು, ಸಂಸದರು ಬಂದಾಗಲೂ ಕೇಳಿ, ಅವರಲ್ಲಿ ಕ್ರಿಕೆಟ್ ಸಂಸ್ಥೆಗಳ ನಂಟಿರುವವರು ಕಡಿಮೆ ಇಲ್ಲ. ಇನ್ನು ಮುಂದೆ ಹರಾಜಿನ ಸುದ್ದಿ ಬರೆದರೆ ಆ ಎರಡು ಪ್ರಶ್ನೆಗೆ ಉತ್ತರ ಇಲ್ಲದೆ ಬರೆಯುವುದಿಲ್ಲ ಎಂದು ನಾವೂ ಮಾತು ಕೊಡುತ್ತೇವೆ. ತಪ್ಪಿದರೆ ನಮ್ಮನ್ನೂ ಹಿಡಿದು ಕೇಳಿ.

ನಾವು ಹೊರಡುವಾಗ ಆ ಎಡಗೈ ಹುಡುಗ ಇನ್ನೂ ಬೌಲ್ ಮಾಡುತ್ತಿದ್ದ. ಸೈಟಿನ ಮೂಲೆಯಲ್ಲಿ ಜಲ್ಲಿ, ಎಂ-ಸ್ಯಾಂಡ್ ಬಂದು ಬಿದ್ದಿತ್ತು. ಮುಂದಿನ ವರ್ಷ ಇಲ್ಲಿ ಬಿಲ್ಡಿಂಗು ಏಳುತ್ತದಂತೆ. ಅವನು ಎಲ್ಲಿ ಆಡುತ್ತಾನೋ ಅವನಿಗೇ ಗೊತ್ತಿಲ್ಲ.