ಹೊಗೆಸೊಪ್ಪೂ ಕೂಲಿಯವರ ಮೈಯೂ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ಸೀಮೆಯಲ್ಲಿ ಹೊಗೆಸೊಪ್ಪಿನ ಹರಾಜು ಬಂದಿತೆಂದರೆ ಬೆಲೆಯ ಮಾತೇ ಮಾತು. ಅದು ಬೇಕಾದದ್ದೇ. ಆದರೆ ಮಳೆಯಲ್ಲಿ ನೆನೆದು ಆ ಎಲೆಯನ್ನು ಮುರಿಯುವವರ ಶರೀರದ ಮಾತನ್ನೆತ್ತುವವರು ವಿರಳ.

ಹಸಿರೆಲೆಯಲ್ಲಿರುವ ನಿಕೋಟಿನ್ ಎಂಬ ವಿಷವು ಮಳೆನೀರಿನಲ್ಲಿಯೂ ಇಬ್ಬನಿಯಲ್ಲಿಯೂ ಕರಗಿ, ಒದ್ದೆ ಬಟ್ಟೆಯ ಮೂಲಕ ಚರ್ಮವನ್ನು ಹೊಕ್ಕು ರಕ್ತವನ್ನು ಸೇರುವುದು. ನರಮಂಡಲವನ್ನು ಕೆರಳಿಸಿ ತಲೆಸುತ್ತು, ಓಕರಿಕೆ, ವಾಂತಿ, ನಿಶ್ಶಕ್ತಿಗಳನ್ನು ತರುವುದು. ಬೀಡಿಯನ್ನೇ ಮುಟ್ಟದವರಿಗೂ ಇದು ತಪ್ಪದು. ಅಭ್ಯಾಸವಿಲ್ಲದ ಅವರ ದೇಹವೇ ಹೆಚ್ಚಾಗಿ ಬಳಲುವುದು. ಅಮೆರಿಕದ ಫ್ಲಾರಿಡಾದ ವೈದ್ಯರು 1970ರಷ್ಟು ಹಿಂದೆಯೇ ವರದಿಮಾಡಿದ ಈ ವ್ಯಾಧಿಯನ್ನು ನಮ್ಮಲ್ಲಿ ಪಿತ್ತವೆಂದೋ ಆಯಾಸವೆಂದೋ ಬಗೆದು ಸುಮ್ಮನಾಗುವುದು ಬಹು ಸುಲಭ.

ಎಲೆಯೊಣಗುವವರೆಗೆ ಕಾಯಿರಿ, ನೆನೆದ ಬಟ್ಟೆಯನ್ನು ಬದಲಿಸಿರಿ, ಸಾಬೂನಿನಿಂದ ಮೈ ತೊಳೆಯಿರಿ ಎಂದು ಹೇಳಬಹುದು. ಬ್ಯಾರನ್ ತುಂಬಬೇಕಾದ ದಿನವೇ ಮಳೆ ಹಿಡಿದರೆ ಕಾಯುವ ರೈತನಾರು? ಕೂಲಿಯನ್ನು ಬಿಡುವ ಆಳಾದರೂ ಯಾರು? ಆದ್ದರಿಂದ ಬೆಳೆಗಾರರನ್ನು ನೋಂದಾಯಿಸಿ ಬ್ಯಾರನ್ನಿಗೆ ಪರವಾನಗಿ ಕೊಡುವ ತಂಬಾಕು ಮಂಡಳಿಯವರು ಪ್ರತಿಯೊಂದು ಪರವಾನಗಿಯೊಡನೆಯೂ ನೀರಿಳಿಯದ ಕೈಗವಸು, ಮೇಲಂಗಿಗಳನ್ನು ಒದಗಿಸತಕ್ಕದ್ದು. ತಾಲ್ಲೂಕಿನ ವೈದ್ಯಾಧಿಕಾರಿಗಳು ಕುಯಿಲಿನ ತಿಂಗಳುಗಳಲ್ಲಿ ವಾಂತಿಯೆಂದು ಬಂದವರಿಗೆ ಔಷಧವನ್ನು ಬರೆಯುವ ಮುನ್ನ, ಈ ದಿನ ಯಾವ ಕೆಲಸಕ್ಕೆ ಹೋಗಿದ್ದಿರೆಂದು ಕೇಳಿ ಬರೆದಿಡಲಿ.