ಅನುದಾನ ಬಂತು, ಹಲಗೆ ಹಾಕುವವರು ಯಾರು?

ಥಾಣೆಯನ್ನು ಕೆರೆಗಳ ಊರೆಂದು ಕರೆಯುವ ವಾಡಿಕೆಯಿದೆ. ದಿನದ ದುಡಿಮೆ ಮುಗಿಸಿ ತಲಾವ್‌ಪಾಳಿಯ ಕಟ್ಟೆಯ ಮೇಲೆ ಅರೆಗಳಿಗೆ ಕುಳಿತು ದಣಿವಾರಿಸಿಕೊಳ್ಳದ ಹೊಟೇಲು ಕಾರ್ಮಿಕನಾಗಲಿ ಗುಮಾಸ್ತನಾಗಲಿ ನಮ್ಮವರಲ್ಲಿ ವಿರಳ. ಈ ಊರಿನ 9 ಕೆರೆಗಳ ಜೀರ್ಣೋದ್ಧಾರಕ್ಕೆ, ಕೇಂದ್ರ ಸರಕಾರವು 2001ರಲ್ಲಿ ಆರಂಭಿಸಿದ ರಾಷ್ಟ್ರೀಯ ಸರೋವರ ಸಂರಕ್ಷಣಾ ಯೋಜನೆಯಡಿ ಸುಮಾರು ಎರಡೂವರೆ ಕೋಟಿ ರೂಪಾಯಿಗಳ ಕಾಮಗಾರಿ ಮಂಜೂರಾಗಿತ್ತು. ಆ ಯೋಜನೆಯು 2013ರಲ್ಲಿ ಜೌಗುಭೂಮಿಗಳ ಯೋಜನೆಯೊಡನೆ ವಿಲೀನಗೊಂಡಿತು, ಮುಂದೆ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40 ಎಂದು ಗೊತ್ತಾಯಿತು. ಸರಕಾರವು ಕೆರೆಗಳಿಗೆ ಹಣವನ್ನೇ ಕೊಡಲಿಲ್ಲವೆಂದು ದೂರುವುದು ನ್ಯಾಯವಾಗದು.

ಆದರೆ ಅನುದಾನಕ್ಕೆ ಆದಿಯೂ ಉಂಟು, ಅಂತ್ಯವೂ ಉಂಟು. ಕೆರೆಗೆ ಸೇರುವ ಕೊಳೆಗೆ ಮಾತ್ರ ಅಂತ್ಯವಿಲ್ಲ. ಮಂಜೂರಾದ ಹಣ ಹೂಳನ್ನೆತ್ತಬಲ್ಲದು, ಸುತ್ತಲೂ ಬೇಲಿ ಹಾಕಬಲ್ಲದು. ಮರುದಿನ ಅದೇ ನೀರಿಗೆ ಮೋರಿ ಹರಿಯದಂತೆ ಕಾಯುವವರು ಯಾರು ಎಂಬ ಪ್ರಶ್ನೆಗೆ ಹಣದಲ್ಲಿ ಉತ್ತರವಿಲ್ಲ.

ನಮ್ಮ ಓದುಗರಲ್ಲಿ ಬಹುಮಂದಿ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು. ಅವರಿಗೆ ಇದು ಹೊಸ ಸಂಗತಿಯಲ್ಲ. ಮಳೆ ನಿಂತೊಡನೆ ಊರವರೆಲ್ಲ ಕೂಡಿ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣಿನ ಕಟ್ಟ ಕಟ್ಟುತ್ತಿದ್ದರು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತಿತ್ತು, ಮತ್ತೆ ಕಟ್ಟುತ್ತಿದ್ದರು. ಬಳಿಕ ಸರಕಾರದ ಹಣದಿಂದ ಕಿಂಡಿ ಅಣೆಕಟ್ಟುಗಳು ಎದ್ದವು. ಕಾಂಕ್ರೀಟು ಗಟ್ಟಿ, ಆದರೆ ವರ್ಷವರ್ಷವೂ ಕಿಂಡಿಗಳಿಗೆ ಹಲಗೆ ಹಾಕಬೇಕು, ಮಳೆಗಾಲಕ್ಕೆ ಮುನ್ನ ತೆಗೆಯಬೇಕು. ಹಲಗೆ ಹಾಕುವ ಹೊಣೆ ಯಾರದೂ ಅಲ್ಲವಾದಲ್ಲಿ ಅಣೆಕಟ್ಟು ನಿಂತೇ ಇತ್ತು, ನೀರು ಹರಿದೇ ಹೋಯಿತು. ಅನುದಾನದ ಗುಣದೋಷಗಳೆರಡನ್ನೂ ಇದಕ್ಕಿಂತ ಚೆನ್ನಾಗಿ ತೋರುವ ದೃಷ್ಟಾಂತವನ್ನು ನಾವು ಕಾಣೆವು.

ಈ ಸೂಕ್ಷ್ಮವನ್ನು ಅರಿತ ಯೋಜನೆಯೊಂದು ನಮ್ಮ ಬದಿಯಲ್ಲಿಯೇ ಇದೆ. ಥಾಣೆ ಖಾಡಿಯು 2015ರಲ್ಲಿ ಫ್ಲೆಮಿಂಗೊ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಒಪ್ಪಂದದ ಜಾಗತಿಕ ಪಟ್ಟಿಗೂ ಸೇರಿತು. ಖಾಡಿಯ ದಡವನ್ನು ಕಾಯುವುದು ನಮ್ಮೂರ ಅಳಿವೆಗಳಲ್ಲಿ ಕಾಣುವಂಥ ಕಾಂಡ್ಲಾ ಕಾಡು. ಮಹಾರಾಷ್ಟ್ರ ಸರಕಾರವು 2017ರಲ್ಲಿ, ಇಂಥ ಕಾಡನ್ನು ಉಳಿಸುವ ಕರಾವಳಿ ಗ್ರಾಮಸ್ಥರಿಗೆ ಏಡಿ ಸಾಕಣೆ, ಪಂಜರದಲ್ಲಿ ಮೀನು ಸಾಕಣೆ ಮೊದಲಾದ ಕಸುಬುಗಳಿಗೆ ನೆರವು ನೀಡುವ ಯೋಜನೆಯನ್ನು ತಂದಿತು. ಗುಂಪಾಗಿ ಬಂದವರಿಗೆ ನೂರಕ್ಕೆ 90ರಷ್ಟು, ಒಬ್ಬೊಬ್ಬರಾಗಿ ಬಂದವರಿಗೆ 75ರಷ್ಟು ಸರಕಾರದ್ದು. ಉಳಿದುದನ್ನು ಫಲಾನುಭವಿಯೇ ಹಾಕಬೇಕು. ಆ ಹತ್ತು ರೂಪಾಯಿ ಮೊತ್ತದಲ್ಲಿ ಕಿರಿದು, ಮಹತ್ವದಲ್ಲಿ ಹಿರಿದು. ತನ್ನ ಗಂಟಿನಿಂದ ಹತ್ತು ಹಾಕಿದವನು ಉಳಿದ ತೊಂಬತ್ತಕ್ಕೂ ಕಾವಲುಗಾರನಾಗುತ್ತಾನೆ. ಕಾಡು ಉಳಿದರೆ ಏಡಿ, ಏಡಿ ಉಳಿದರೆ ಅನ್ನ ಎಂಬುದು ಅವನಿಗೆ ಭಾಷಣದಿಂದ ತಿಳಿಯಬೇಕಾಗಿಲ್ಲ.

ಹೊಟ್ಟೆಪಾಡಿಗೆ ಬಂದ ನಮಗೆ ಇದರಲ್ಲೇನು ಕೆಲಸವೆಂದು ಕೆಲವರು ಕೇಳಬಹುದು. ಕಲ್ಯಾಣ, ಡೊಂಬಿವಲಿಗಳ ನಲ್ಲಿಗೆ ಬರುವುದು ಉಲ್ಹಾಸ್ ನದಿಯ ನೀರು. ಆ ಊರುಗಳ ಕೊಳೆಯನ್ನು ಹೊತ್ತು ಖಾಡಿ ಸೇರುವುದೂ ಅದೇ ನದಿ. ಇಂದು ಈ ಮಾತುಗಳನ್ನು ಬರೆಯುವ ನಾವೂ ಹೊಟೇಲು ನಡೆಸಿದವರೇ. ಪಾತ್ರೆ ತೊಳೆದ ಜಿಡ್ಡುನೀರು ಹಿತ್ತಲಿನ ಗಟಾರಕ್ಕೆ ಹೋಗುತ್ತಿತ್ತು. ಅದು ಕಟ್ಟಿಕೊಂಡಾಗ ಕೈಗೆ ನಾಲ್ಕು ಕಾಸು ಕೊಟ್ಟು ಬಿಡಿಸಿದೆವೇ ಹೊರತು, ಬಿಟ್ಟ ನೀರು ಎಲ್ಲಿಗೆ ಹೋಯಿತೆಂದು ಒಂದು ದಿನವೂ ಕೇಳಲಿಲ್ಲ. ತಪ್ಪನ್ನು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ.

ಆದುದರಿಂದ ನಮ್ಮ ಸೂಚನೆ ಎರಡು. ಹೊಟೇಲು ಮಾಲಕರು ಜಿಡ್ಡು ತಡೆಯುವ ತೊಟ್ಟಿಯನ್ನು ಕೂಡಿಸಲಿ. ಕರಿದು ಉಳಿದ ಎಣ್ಣೆಯನ್ನು ಗಟಾರಕ್ಕೆ ಸುರಿಯದೆ, ಜೈವಿಕ ಇಂಧನಕ್ಕಾಗಿ ಸಂಗ್ರಹಿಸುವವರಿಗೆ ಕೊಡಲಿ. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಿಂದ ಇದಕ್ಕೆ ವ್ಯವಸ್ಥೆ ಮಾಡಿದೆ. ಕೆಲಸಗಾರರು ಈ ಮಾತನ್ನು ಮಾಲಕರಿಗೆ ನೆನಪಿಸಿದರೆ ಅದು ಉದ್ಧಟತನವಲ್ಲ.

ಎರಡನೆಯದು ಗುಮಾಸ್ತ ಬಂಧುಗಳಿಗೆ. ನಿಮ್ಮ ವಾರ್ಡಿನ ಕೆರೆಗೋ ನಾಲೆಗೋ ಎಷ್ಟು ಅನುದಾನ ಬಂತು, ಯಾವುದಕ್ಕೆ ವೆಚ್ಚವಾಯಿತು, ಕಾಮಗಾರಿ ಮುಗಿದ ಮೇಲೆ ಪಾಲನೆಯ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಹತ್ತು ರೂಪಾಯಿ ಶುಲ್ಕದಲ್ಲಿ ಮಹಾನಗರಪಾಲಿಕೆಗೆ ಕೇಳಬಹುದು. ಅರ್ಜಿ ಬರೆಯುವ ವಿದ್ಯೆಯನ್ನು ನಿಮಗೆ ನಾವು ಕಲಿಸಬೇಕಾಗಿಲ್ಲ. ನಮ್ಮ ಕನ್ನಡ ಸಂಘಗಳು ವಾರ್ಷಿಕೋತ್ಸವದ ಸಿದ್ಧತೆಯ ನಡುವೆ ಒಂದು ರವಿವಾರವನ್ನು ಇದಕ್ಕೆ ಮೀಸಲಿಟ್ಟರೆ ಉತ್ಸವದ ಕಳೆ ಕುಂದಲಾರದು.

ಮೂರನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ, ಅಲ್ಲಿ ಅಣೆಕಟ್ಟು ಇದೆ, ಹಲಗೆ ಇಲ್ಲ ಎಂದು ತಿಳಿಯತಕ್ಕದ್ದು. ಊರಲ್ಲಿ ನಮ್ಮ ಹಿರಿಯರು ಹಲಗೆ ಹಾಕಲು ಯಾರ ಕರೆಗೂ ಕಾಯಲಿಲ್ಲ. ನೀರು ಕುಡಿಯುವ ಊರೇ ನಮ್ಮ ಊರು.