ಅರಳುಮರಳು ಅನ್ನೋದು ಬಿಡೋಣ, ಬಿಪಿ ನೋಡಿಸೋಣ

‘ಅರವತ್ತಕ್ಕೆ ಅರಳುಮರಳು’ ಅಂತ ನಮ್ಮ ಊರುಗಳಲ್ಲಿ ನಗುತ್ತಾ ಹೇಳುತ್ತೇವೆ. ತಾತ ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೂ, ಅಜ್ಜಿ ತನ್ನ ಓಣಿಯಲ್ಲೇ ದಾರಿ ತಪ್ಪಿದರೂ ಅದೇ ಮಾತು. ಈ ಗಾದೆಯ ಮೇಲೆ ನಮಗೆ ಸಿಟ್ಟಿದೆ. ಒಂದು ಕಾಯಿಲೆಯನ್ನು ಅದು ವಯಸ್ಸಿನ ಹೆಸರಲ್ಲಿ ಮುಚ್ಚಿಡುತ್ತಿದೆ. ಡಿಮೆನ್ಶಿಯಾ ಮಿದುಳಿನ ಕಾಯಿಲೆ. ಮುಪ್ಪು ಬಂದವರಿಗೆಲ್ಲ ಅದು ಬರುವುದಿಲ್ಲ.

ಇನ್ನೊಂದು ಮಾತೂ ಸುಳ್ಳು: ‘ಹೊಲದಾಗ ದುಡಿದ ಮೈ, ನಮಗೆಲ್ಲಿ ಪ್ಯಾಟಿ ರೋಗ?’ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ನೋಡಿ. 60 ದಾಟಿದವರಲ್ಲಿ ಡಿಮೆನ್ಶಿಯಾ ಇರುವವರು ಪಟ್ಟಣಗಳಲ್ಲಿ ಶೇ. 5.3, ಹಳ್ಳಿಗಳಲ್ಲಿ ಶೇ. 8.4. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಯಾಕೆ? ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ನಾವು ಬದಲಾಯಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಆ ಪಟ್ಟಿಯನ್ನು ಬಾಗಲವಾಡದ ಕಟ್ಟೆ ಮೇಲೆ ಕೂತು ಓದಿ. ಬಿಪಿ, ಸಕ್ಕರೆ ಕಾಯಿಲೆ: ತಲೆ ಸುತ್ತು ನಿಂತಿತು ಅಂತ ಗುಳಿಗೆ ಬಿಡುತ್ತೇವೆ. ಬೀಡಿ, ಕುಡಿತ: ಬಿಡಿಸಿ ಹೇಳಬೇಕಿಲ್ಲ. ಕಿವುಡು: ಕೂಗಿ ಕೂಗಿ ಸಾಕಾಗಿ ಮನೆಯವರು ಮಾತೇ ನಿಲ್ಲಿಸುತ್ತಾರೆ. ಕಣ್ಣು ಮಂಜಾದರೂ ಪೊರೆ ತೆಗೆಸುವುದಿಲ್ಲ. ತಲೆಗೆ ಪೆಟ್ಟು: ಬೈಕಿಗೆ ಹೆಲ್ಮೆಟ್ ಇಲ್ಲ. ಒಂಟಿತನ: ಮಕ್ಕಳು ಬೆಂಗಳೂರಿಗೆ ಗುಳೆ ಹೋದರೆ ಬಾಗಿಲು ಕಾಯಲು ಮುದುಕರಷ್ಟೇ ಉಳಿಯುತ್ತಾರೆ. ಶಾಲೆ ಕಾಣದಿರುವುದೂ ಪಟ್ಟಿಯಲ್ಲಿದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಅರ್ಧಕ್ಕಿಂತ ಕಡಿಮೆ.

ಆದರೆ ನಮಗೆ ಸಿಗುವ ಸಲಹೆ ಯಾವುದು? ಬೆಳಿಗ್ಗೆ ವಾಕಿಂಗ್ ಮಾಡಿ, ಪದಬಂಧ ಬಿಡಿಸಿ! ದಿನವಿಡೀ ಹತ್ತಿ ಬಿಡಿಸುವ ಅಜ್ಜಿಗೆ ಹೇಳುವ ಮಾತೇ ಇದು? ಆಕೆಗೆ ಬೇಕಾದದ್ದು ತಿಂಗಳು ತಪ್ಪದೆ ಸಿಗುವ ಬಿಪಿ ಗುಳಿಗೆ, ಕಿವಿಗೊಂದು ಮಷಿನ್, ಕಣ್ಣಿಗೊಂದು ಆಪರೇಷನ್. ಬೀಡಿ, ಕುಡಿತ ಬಿಡುವುದು ನಮ್ಮ ಕೈಯಲ್ಲಿದೆ, ಒಪ್ಪುತ್ತೇವೆ. ಉಳಿದದ್ದಕ್ಕೆಲ್ಲ ಬಡವರ ‘ಚಟ’ವನ್ನೇ ಬೈಯುವುದನ್ನು ಒಪ್ಪುವುದಿಲ್ಲ.

ಹಳ್ಳಿಯವರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ನಡೆದಿದೆ. ಮನೆಬಾಗಿಲಿಗೆ ತಪಾಸಣೆ ತರುವ ‘ಗೃಹ ಆರೋಗ್ಯ’ ಯೋಜನೆಯೂ 2024ರಲ್ಲಿ ಮೊದಲು ಶುರುವಾದದ್ದು ಕೋಲಾರದಲ್ಲೇ. ಸಂತೋಷ. ಆದರೆ ಒಳ್ಳೆಯದೆಲ್ಲ ರಾಯಚೂರಿಗೆ ಕಡೆಗೇ ಯಾಕೆ ಬರಬೇಕು? ಬಿಪಿ, ಶುಗರ್ ನೋಡುವ ದಿನವೇ ಹಿರಿಯರ ಕಿವಿ, ಕಣ್ಣು, ನೆನಪನ್ನೂ ನೋಡಿ. ಗ್ರಾಮಸಭೆಯಲ್ಲಿ ಇದನ್ನು ಕೇಳೋಣ, ಠರಾವಿನಲ್ಲಿ ಬರೆಸೋಣ.

ಅಲ್ಲಿಯವರೆಗೆ ಕಾಯಬೇಡಿ. ಮನೆಯ ಹಿರಿಯರು ಕೇಳಿದ್ದನ್ನೇ ಕೇಳುತ್ತಿದ್ದರೆ, ಪಿಂಚಣಿ ದುಡ್ಡು ಎಣಿಸಲು ತಡಕಾಡುತ್ತಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಥೈರಾಯ್ಡ್ ತೊಂದರೆ, ಬಿ12 ಕೊರತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಏನೂ ತೋಚದಿದ್ದರೆ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567. ಎರಡಕ್ಕೂ ದುಡ್ಡಿಲ್ಲ. ನಂಬರ್ ಈಗಲೇ ಫೋನಿನಲ್ಲಿ ಉಳಿಸಿಕೊಳ್ಳಿ.